ಎಂಟು ಮುತ್ತಿನ ರಾಣಿ

ಕೂತುಕೊಳ್ಳಿ. ಆ ಸ್ಟೂಲಿಗೆ ಒಂದು ಕಾಲು ಕುಂಟು,
ಗೋಡೆಗೆ ಒರಗಿಸಿಕೊಂಡರೆ ಬೀಳುವುದಿಲ್ಲ.
ಹರಾರಿನ ಈ ಗಲ್ಲಿಯಲ್ಲಿ ಹೊಲಿಗೆಯಂತ್ರಗಳ ಕಟಕಟ
ಸಂಜೆ ನಮಾಜಿನ ತನಕ ನಿಲ್ಲದು,
ಮಾತು ಸ್ವಲ್ಪ ಜೋರಾಗಿಯೇ ಆಡಿ.

ವರ್ಷ ಕೇಳುತ್ತೀರಿ. ಎಲ್ಲರೂ ಮೊದಲು ಅದನ್ನೇ ಕೇಳುವುದು.
ಭೂತಗನ್ನಡಿ ನಿಮ್ಮದೇ ಇದೆಯಲ್ಲ, ನೋಡಿ:
ಸಾವಿರದ ಏಳುನೂರ ಎಂಬತ್ತು.
ಇದೂ ಎಂಬತ್ತು. ಇದೂ.
ಬಿಸ್ಕೆಟ್ ಡಬ್ಬಿಯ ತಳದಲ್ಲಿರುವುದೂ.
ರಾಣಿ ತೀರಿಕೊಂಡ ವರ್ಷ ಅದು.
ಆಮೇಲೆ ವಿಯೆನ್ನಾದಲ್ಲಿ ಟಂಕಿಸಿದರು, ರೋಮಿನಲ್ಲಿ, ಲಂಡನ್ನಿನಲ್ಲಿ,
ಯುದ್ಧ ಬಂದಾಗ ಬೊಂಬಾಯಿಯಲ್ಲೂ.
ಯಾರೂ ಆಕೆಯ ವಯಸ್ಸನ್ನು ಒಂದು ದಿನ ಮುಂದೆ ತಳ್ಳಲಿಲ್ಲ.
ಹಣ ಕಂಡರೆ ಹೆಣವೂ ಬಾಯಿ ಬಿಡುತ್ತದಂತೆ,
ಇಲ್ಲಿ ಹೆಣವೇ ಹಣ,
ಬಾಯಿ ಮಾತ್ರ ಬಿಟ್ಟಿಲ್ಲ.

ಅಪ್ಪ ಅಕ್ಷರ ಕಲಿತವನಲ್ಲ, ಎಣಿಕೆ ಕಲಿತವನು.
ಮುಖ ನೋಡಬೇಡ ಅಬ್ದೊಶ್, ಎನ್ನುತ್ತಿದ್ದ,
ಭುಜದ ಮೇಲಿನ ಪದಕ ನೋಡು.
ಮುತ್ತು ಒಂಬತ್ತು.
ಕಣ್ಣು ಮುಚ್ಚಿ ಹೆಬ್ಬೆರಳ ಉಗುರಿನಿಂದ ಎಣಿಸು.

ಅವನ ಅಪ್ಪನ ಕಾಲಕ್ಕೆ ಉಪ್ಪಿನ ಗಟ್ಟಿಯೂ ದುಡ್ಡು.
ದನಾಕಿಲ್ ಕಡೆಯಿಂದ ಒಂಟೆಯ ಮೇಲೆ ಬರುವ ಹೊತ್ತಿಗೆ
ಬೆವರಿಗೆ, ಮಳೆಗೆ, ದಾರಿಯ ಮಕ್ಕಳ ನಾಲಿಗೆಗೆ
ಸವೆದು ಮುಕ್ಕಾಲು.
ಸಾಲ ಕೊಟ್ಟವನು ಬಾಗಿಲು ತಟ್ಟಿದರೆ
ಗಡಿಗೆಗೆ ಹಾಕಿ ಕಲಸಿಬಿಡಬಹುದಿತ್ತು.
ಉಪ್ಪಿನ ಋಣ ಎಂದರೆ ಆಗ ಗಾದೆಯಲ್ಲ,
ಲೆಕ್ಕದ ಪುಸ್ತಕ.

ನಿಮಗೆ ಸವಕಲು ಬೇಡ. ತೂತು ಬಿದ್ದದ್ದು ಬೇಡ.
ಕೊಂಡಿ ಬೆಸೆದು ಕೊರಳಿಗೆ ಕಟ್ಟಿದ್ದಾದರೆ
ಬೆಲೆ ಮೂರರಲ್ಲೊಂದು. ಗೊತ್ತು.
ಹದ್ದಿನ ಗರಿ ಒಂದೊಂದೂ ಎದ್ದು ಕಾಣಬೇಕು ನಿಮಗೆ.
ಇಲ್ಲಿ ಹೆಂಗಸರು ಕಾಫಿ ಕುಟ್ಟುವಾಗ
ರಾಣಿ ಅವರ ಎದೆಮೂಳೆಗೆ ಮೂಗು ಉಜ್ಜಿ ಉಜ್ಜಿ
ಮೂಗೇ ಇಲ್ಲದವಳಾದಳು.

ಅಂಚಿನ ಬರಹ? ಹೋದ ವರ್ಷ ಒಬ್ಬ ಓದಿ ಹೇಳಿದ,
ಒಂದು ಮಾತು ನ್ಯಾಯ, ಇನ್ನೊಂದು ಕರುಣೆ.
ಅರವತ್ತು ವರ್ಷ ನನಗದು
ಬೆರಳು ಜಾರದ ಹಾಗೆ ಇಟ್ಟ ಒರಟು, ಅಷ್ಟೆ.

ಅಯ್ಯೋ, ಅದು ಮಾರುವುದಲ್ಲ.
ನೋಡಬಹುದು, ನೋಡಿ.
ಹೌದು, ಎಂಟೇ. ಕಣ್ಣು ಚುರುಕು ನಿಮ್ಮದು.
ಅಂಚೂ ನುಣುಪು. ಕಲ್ಲಿಗೆ ಬಡಿದರೆ
ಉಳಿದವು ಹಾಡುತ್ತವೆ, ಇದು ಕೆಮ್ಮುತ್ತದೆ.

ನೂರಿಯಾ ತಂದದ್ದು, ಹೋದ ರಂಜಾನಿಗೆ ಒಂದು ವಾರ ಮುಂಚೆ.
ಮೊಮ್ಮಗನ ಬಜಾಜಿಗೆ ಟೈರು ಬೇಕಂತೆ.
ಮದುವೆಯ ಸರ, ಏಳು ರಾಣಿಯರು,
ದಾರ ಮಾತ್ರ ಹೊಸದು.
ಕೊಂಡಿಯ ಎಡಕ್ಕೆ ಬೆಸುಗೆಯ ಗಂಟು ಕಂಡೊಡನೆ
ನನ್ನ ಕೈ ನನಗೆ ಗುರುತು ಹತ್ತಿತು.
ನನಗಾಗ ಹದಿನಾರು. ಕೋಟೆಬಾಗಿಲ ಹೊರಗೆ
ಗೆಳೆಯರು ಚೆಂಡು ಹಿಡಿದು ಕಾಯುತ್ತಿದ್ದರು.
ಒಳಗಿನಿಂದ ಅಪ್ಪ ಕೇಳಿದ: ಎಲ್ಲ ಒಂಬತ್ತಿದೆಯಾ?
ಇದೆ, ಎಂದೆ.
ಎಣಿಸಿರಲಿಲ್ಲ.

ಏಳಕ್ಕೂ ಬೆಳ್ಳಿಯ ದರ ಕೊಟ್ಟೆ.
ನೋಟು ಎರಡು ಸಲ ಎಣಿಸಿದಳು,
ಆಮೇಲೆ ನನ್ನನ್ನು ನೋಡಿದಳು,
ಅದೂ ಎಣಿಸಿದ ಹಾಗೆಯೇ.
ದಾರ ಬಿಚ್ಚಿಕೊಂಡು ಹೋದಳು. ದಾರ ಅವಳದು.

ಆರು ರಾಣಿಯರು ಅದೇ ವಾರ ಮಾರಿಹೋದರು,
ಯಾವುದು ಯಾವುದೆಂದು ಈಗ ದೇವರಿಗೂ ಗೊತ್ತಾಗದು.
ಇವಳನ್ನು ಮಾತ್ರ ಕತ್ತಲಲ್ಲಿ ಕೊಟ್ಟರೂ ಹೇಳುತ್ತೇನೆ.
ಎಲ್ಲೋ ಒಬ್ಬ ಎಂಟು ಮುತ್ತು ಕೊರೆದು ತಲೆಯೆತ್ತಿದ್ದಾನೆ,
ಅವನನ್ನೂ ಯಾರು ಕರೆದರೋ,
ಯಾವ ಚೆಂಡು ಕಾಯುತ್ತಿತ್ತೋ.

ಎಷ್ಟಕ್ಕೆ ಎಂದಿರಾ?
ಯಂತ್ರದ ಸದ್ದಿಗೆ ಕೇಳಿಸುತ್ತಿಲ್ಲ.
ಅದನ್ನು ಕೆಳಗಿಡಿ.
ಇಗೋ, ರೋಮಿನದು, ಗರಿ ನೋಡಿ, ಎಷ್ಟು ಚೂಪು.